ಡಾ॥ ಶಂಭುನಾಥ ಡೇ ಮತ್ತು ನಮ್ಮ ಪಂಡಿತಸಭೆಗಳು

ಕಲ್ಕತ್ತೆಯ ಡಾ॥ ಶಂಭುನಾಥ ಡೇ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಕೇಳಿರುವರೋ ನಾವು ಅರಿಯೆವು. ವಾಂತಿಭೇದಿಯೆಂದೂ ಕಾಲರಾ ಎಂದೂ ಹೆಸರಾದ ಮಾರಿಯು ಮನುಷ್ಯನನ್ನು ಹೇಗೆ ಕೊಲ್ಲುವುದೆಂಬ ಮರ್ಮವನ್ನು ಬಯಲಿಗೆ ತಂದವರು ಅವರು. ಕೇಳದಿದ್ದರೆ ತಪ್ಪು ವಾಚಕರದಲ್ಲ. ಮೊದಲು ಗುರುತಿಸಬೇಕಾಗಿದ್ದವರೇ ಅವರನ್ನು ಗುರುತಿಸಲಿಲ್ಲ.

1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತನು ಇದೇ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದನು. ಅದು ಒಂದು ವಿಷವನ್ನು ಸ್ರವಿಸುತ್ತಿರಬೇಕೆಂದು ಆತನು ಊಹಿಸಿದ್ದನು. ಊಹೆಯು ಊಹೆಯಾಗಿಯೇ ಉಳಿಯಿತು. ವಿಷವು ರೋಗಾಣುವಿನ ಒಡಲಲ್ಲಿಯೇ ಅಡಗಿದ್ದು, ಅದು ಸತ್ತು ಒಡೆದಾಗ ಹೊರಬೀಳುವುದೆಂದು ಮುಂದಿನವರು ಬಗೆದು, ಬಹುಮಟ್ಟಿಗೆ ಪ್ರಾಣಿಗಳ ರಕ್ತಕ್ಕೂ ಹೊಟ್ಟೆಯ ಪೊರೆಗೂ ಅದನ್ನು ಚುಚ್ಚಿ ಕಾಲ ಕಳೆದರು. ರೋಗಿಯು ಸಾಯುವುದು ಕರುಳಿನಿಂದ ನೀರು ಸೋರಿಹೋಗಿ. ಪರೀಕ್ಷೆ ನಡೆದುದು ಕರುಳನ್ನು ಬಿಟ್ಟು ಉಳಿದೆಡೆಯಲ್ಲಿ!

ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ 1915ರಲ್ಲಿ ಹುಟ್ಟಿ, ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸರ್ ರಾಯ್ ಕ್ಯಾಮರನ್ನರ ಬಳಿ ರೋಗವಿಜ್ಞಾನವನ್ನು ಅಭ್ಯಸಿಸಿ 1949ರಲ್ಲಿ ಸ್ವದೇಶಕ್ಕೆ ಮರಳಿದ ಡೇ ಅವರು ಈ ತಪ್ಪನ್ನು ತಿದ್ದಿದರು. ಮೊಲದ ಕರುಳಿನ ಒಂದು ತುಣುಕನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ರೋಗಾಣುಗಳನ್ನು ಹೊಗಿಸಿದರು. ಮರುದಿನಕ್ಕೆ ಆ ತುಣುಕು ನೀರು ತುಂಬಿ ಉಬ್ಬಿತ್ತು. ಇದು 1953ರ ಮಾತು. 1959ರಲ್ಲಿ ರೋಗಾಣು ಬೆಳೆದ ರಸವನ್ನು ಸೋಸಿ, ಅದರಲ್ಲಿ ಒಂದು ಜೀವಾಣುವೂ ಉಳಿಯದಂತೆ ಮಾಡಿ, ಬರಿಯ ರಸವನ್ನೇ ಕರುಳಿಗೆ ಬಿಟ್ಟರು, ಆಗಲೂ ಉಬ್ಬಿತು. ವಿಷವು ರೋಗಾಣುವಿನಿಂದ ಹೊರಗೆ ಸ್ರವಿಸುವಂಥದೆಂಬುದು ಕಾಖನ ಊಹೆಯ 75 ವರ್ಷಗಳ ತರುವಾಯ ಹೀಗೆ ಸಿದ್ಧವಾಯಿತು. 'ನೇಚರ್' ಪತ್ರಿಕೆಯ ಎರಡು ಪುಟಗಳಲ್ಲಿ ಇದಿಷ್ಟೂ ಅಡಗಿತು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯ ದತ್ತ ಮತ್ತು ಅವರ ಸಂಗಡಿಗರೂ ಎಳೆಯ ಮೊಲಗಳಲ್ಲಿ ಬೇರೊಂದು ದಾರಿಯಿಂದ ಇಂಥ ನಿರ್ಣಯಕ್ಕೇ ಬಂದರೆಂಬುದನ್ನು ನ್ಯಾಯಕ್ಕಾಗಿ ಹೇಳತಕ್ಕುದು.

ವಿಷವುಂಟೆಂದು ತಿಳಿದ ಮೇಲೆ ಅದಕ್ಕೆ ಎದುರಾದ ರಕ್ಷಾಶಕ್ತಿಯನ್ನು ದೇಹದಲ್ಲಿ ಹುಟ್ಟಿಸುವ ಮಾರ್ಗವೂ ತೆರೆಯಿತು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಎಂಬವರು ವಿಷವನ್ನು ಶುದ್ಧಗೊಳಿಸಿದರು. ಅದರ ನಿರಪಾಯವಾದ ಅಂಶವು ಸ್ವೀಡನ್ನಿನಲ್ಲಿ ಸಿದ್ಧವಾದ, ಬಾಯಿಂದ ಕುಡಿಯುವ ಲಸಿಕೆಯನ್ನು ಸೇರಿತು.

ಒಂದು ಸಂಶೋಧನಲೇಖನದ ಬೆಲೆಯನ್ನು ತಿಳಿಯಲು, ಮುಂದಿನವರು ಅದನ್ನು ಎಷ್ಟು ಬಾರಿ ಹೆಸರಿಸಿರುವರೆಂದು ಎಣಿಸುವ ಪದ್ಧತಿಯುಂಟು. ಇಂಥ ಉಲ್ಲೇಖಗಳ ಸೂಚಿಯನ್ನು 1964ರಿಂದ ಅಚ್ಚುಹಾಕಿಸುತ್ತ ಬಂದವರು ಅಮೆರಿಕದ ಯೂಜೀನ್ ಗಾರ್ಫೀಲ್ಡರು. ನಮ್ಮ ಪಾಠಶಾಲೆಗಳಲ್ಲಿ ಸೂತ್ರದ ಹಿರಿಮೆಯನ್ನು ಅದರ ಮೇಲೆ ಹುಟ್ಟಿದ ಭಾಷ್ಯ ಟೀಕೆಗಳಿಂದ ಅರಿಯುತ್ತಿದ್ದುದೂ ಇದೇ ಕ್ರಮವಲ್ಲವೆ? ಆದರೆ ಈ ಎಣಿಕೆಯನ್ನೇ ಪರಮಪ್ರಮಾಣವೆಂದು ನಾವು ಒಪ್ಪಲಾರೆವು. 1959ರ ಆ ಎರಡು ಪುಟಗಳು ಮೊದಲ ಕೆಲವು ವರ್ಷ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಅದರ ಸತ್ಯವು ಸರ್ವಸಮ್ಮತವಾದ ಮೇಲೋ, ಎಲ್ಲರೂ ಬಲ್ಲ ಸಂಗತಿಗೆ ಕರ್ತೃವಿನ ಹೆಸರು ಹೇಳುವ ಶ್ರಮವನ್ನು ಎಲ್ಲರೂ ವಹಿಸುವುದಿಲ್ಲ. ಎಣಿಸುವುದು ಸುಲಭ; ಓದಿ ತೂಗುವುದು ಕಷ್ಟ. ಗಾರ್ಫೀಲ್ಡರು ಎರಡನ್ನೂ ಮಾಡಿ 1986ರಲ್ಲಿ ಡೇ ಅವರ ಕೆಲಸದ ಪ್ರಭಾವವನ್ನು ಕುರಿತು ಪ್ರತ್ಯೇಕ ಲೇಖನವನ್ನೇ ಬರೆದರು. ಡೇ ಅವರು ತೀರಿಹೋಗಿ ಆಗಲೇ ವರ್ಷ ತುಂಬುತ್ತಿತ್ತು.

ನಮ್ಮ ದೇಶದ ಪಂಡಿತಸಭೆಗಳು ಮಾಡಿದುದೇನು? ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ದೊಡ್ಡ ಪ್ರಶಸ್ತಿಯೊಂದೂ ಅವರ ಮನೆಬಾಗಿಲಿಗೆ ಬರಲಿಲ್ಲ. ಅದೇ ವೇಳೆಯಲ್ಲಿ ಅಮೆರಿಕದ ನೊಬೆಲ್ ಪುರಸ್ಕೃತ ಜೋಶುವಾ ಲೆಡರ್ಬರ್ಗರು ಒಂದಕ್ಕಿಂತ ಹೆಚ್ಚು ಬಾರಿ ಡೇ ಅವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಿದ್ದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಅಡಿಗೆಮನೆಗೆ ಮಾತ್ರ ಸಂಬಂಧಿಸಿದ್ದೆಂದು ನಾವು ತಿಳಿದಿದ್ದೆವು. ವಿದೇಶದ ಮುದ್ರೆ ಬೀಳುವವರೆಗೆ ಸ್ವದೇಶದ ಬುದ್ಧಿಯನ್ನು ನಂಬದ ಈ ಚಾಳಿಯು ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಹೋಗಲಿಲ್ಲ. ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯು 1990ರಲ್ಲಿ ಡೇ ಅವರಿಗಾಗಿ ಒಂದು ವಿಶೇಷ ಸಂಚಿಕೆಯನ್ನು ಹೊರಡಿಸಿ ಈ ಋಣವನ್ನು ಕೊಂಚ ತೀರಿಸಿತೆಂಬುದು ಕನ್ನಡನಾಡಿನವರಾದ ನಮಗೆ ಸಮಾಧಾನ. ಅದೂ ಸಂದುದು ಮಡಿದವರಿಗೆ.

ಬದುಕಿದ್ದಾಗ ಅವರಿಗೆ ಸಂದ ದೊಡ್ಡ ಕರೆ ಒಂದೇ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರನ್ನು ಆಹ್ವಾನಿಸಲಾಯಿತು. ಕೆಲಸದಿಂದ ನಿವೃತ್ತರಾಗಿ ಐದು ವರ್ಷ ಕಳೆದಿದ್ದ ಆ ವೃದ್ಧರು ಸಭೆಯಲ್ಲಿ ಎದ್ದು ನಿಂತು, ತಾವು 1960ರ ದಶಕದ ಮೊದಲಲ್ಲಿಯೇ ಸತ್ತುಹೋಗಿದ್ದುದಾಗಿಯೂ, ಗೋಷ್ಠಿಯ ಸಮಿತಿಯವರು ತಮ್ಮನ್ನು ಗೋರಿಯಿಂದ ಅಗೆದು ತೆಗೆದುದಾಗಿಯೂ, ಈ ಎರಡು ದಿನಗಳಲ್ಲಿ ಮತ್ತೆ ಜೀವ ಬರುತ್ತಿರುವಂತಿದೆಯೆಂದೂ ಹೇಳಿದರು. ಅನಂತರ ಕಲ್ಕತ್ತೆಗೆ ಹಿಂದಿರುಗಿದರು.