ಕ್ರೈಸ್ತ ಧರ್ಮದಲ್ಲಿ ನ್ಯಾಯತೀರ್ಪು ಮತ್ತು ಮರಣಾನಂತರ ಜೀವನ

ನ್ಯಾಯತೀರ್ಪು ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಲ್ಲಿ ಒಂದು. ಪ್ರತಿಯೊಬ್ಬ ಮನುಷ್ಯನೂ ತಾನು ಬಾಳಿದ ಬಾಳಿನ ಕುರಿತು ದೇವರಿಗೆ ಲೆಕ್ಕ ಒಪ್ಪಿಸಬೇಕು. ಲೋಕದ ಅಂತ್ಯದಲ್ಲಿ ಯೇಸು ಕ್ರಿಸ್ತನು ಮರಳಿ ಬಂದು ಜೀವಿಸುವವರಿಗೂ ಸತ್ತವರಿಗೂ ತೀರ್ಪು ನೀಡುವನು ಎಂಬುದು ಇದರ ಸಾರ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ರೂಪುಗೊಂಡು 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಂದಿಗೆ ವಿಸ್ತೃತ ರೂಪ ಪಡೆದ ವಿಶ್ವಾಸಪ್ರಮಾಣದಲ್ಲಿ ಈ ನಂಬಿಕೆ ಸೇರಿದೆ. ಕ್ಯಾಥೊಲಿಕ್, ಆರ್ಥೊಡಾಕ್ಸ್ ಮತ್ತು ಬಹುತೇಕ ಪ್ರಾಟೆಸ್ಟೆಂಟ್ ಸಭೆಗಳು ಇದನ್ನು ಒಪ್ಪುತ್ತವೆ. ಆದರೆ ಮರಣಕ್ಕೂ ಅಂತಿಮ ತೀರ್ಪಿಗೂ ನಡುವಣ ಸ್ಥಿತಿ, ನರಕದ ಸ್ವರೂಪ ಹಾಗೂ ಇತರ ಧರ್ಮೀಯರ ಗತಿ, ಈ ಮೂರು ವಿಷಯಗಳಲ್ಲಿ ಅವುಗಳ ನಡುವೆ ಭಿನ್ನಾಭಿಪ್ರಾಯವಿದೆ.

ಕನ್ನಡದ ಪದಗಳು ಮತ್ತು ಅವುಗಳ ಅರ್ಥ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರ ಹಾಗೂ ಸಹೋದ್ಯೋಗಿಗಳ ಶ್ರಮದಿಂದ 1830ರ ದಶಕದ ಆರಂಭದಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ಕನ್ನಡ ಬೈಬಲುಗಳಲ್ಲಿ ಪರಲೋಕ, ಸ್ವರ್ಗ, ನರಕ, ಪಾತಾಳ ಮುಂತಾದ, ಜನರಿಗೆ ಮೊದಲೇ ಪರಿಚಿತವಾಗಿದ್ದ ಪದಗಳೇ ಬಳಕೆಗೆ ಬಂದವು. ಪದ ಒಂದೇ ಆದರೂ ಅರ್ಥ ಒಂದೇ ಅಲ್ಲವಾದುದರಿಂದ ಓದುಗರು ಈ ವ್ಯತ್ಯಾಸವನ್ನು ಗಮನಿಸುವುದು ಅವಶ್ಯಕ.

ಪುರಾಣಗಳಲ್ಲಿ ಸ್ವರ್ಗ ಮತ್ತು ನರಕಗಳು ಸಾಮಾನ್ಯವಾಗಿ ತಾತ್ಕಾಲಿಕ ನೆಲೆಗಳು. ಪುಣ್ಯ ಅಥವಾ ಪಾಪದ ಫಲ ತೀರಿದ ಬಳಿಕ ಜೀವನು ಮತ್ತೆ ಜನ್ಮ ತಾಳುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ಪುನರ್ಜನ್ಮಕ್ಕೆ ಸ್ಥಾನವಿಲ್ಲ. ಮನುಷ್ಯನು ಒಂದೇ ಸಾರಿ ಸಾಯುತ್ತಾನೆ, ಅನಂತರ ನ್ಯಾಯತೀರ್ಪು ಎಂಬ ಬೋಧೆ ಇಬ್ರಿಯರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯದಲ್ಲಿದೆ. ಆದುದರಿಂದ ಇಲ್ಲಿ ಸ್ವರ್ಗವೆಂದರೆ ದೇವರೊಂದಿಗಿನ ನಿತ್ಯ ಸಹವಾಸ. ಅದು ಮರಳಿ ಬರುವ ತಾಣವಲ್ಲ.

ಪಾತಾಳ ಎಂಬ ಪದ ಪುರಾಣಗಳಲ್ಲಿ ನಾಗರು ವಾಸಿಸುವ ಅಧೋಲೋಕವನ್ನು ಸೂಚಿಸಿದರೆ, ಕನ್ನಡ ಬೈಬಲಿನಲ್ಲಿ ಅದು ಹೀಬ್ರೂವಿನ ಷೆಯೋಲ್, ಅಂದರೆ ಸತ್ತವರೆಲ್ಲರೂ ಸೇರುವ ಸ್ಥಳವನ್ನು ಸೂಚಿಸುತ್ತದೆ. ನರಕ ಎಂಬುದು ಗೆಹೆನ್ನಾ ಎಂಬ ಪದಕ್ಕೆ ಸಂವಾದಿ. ಗೆಹೆನ್ನಾ ಮೂಲತಃ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಅಲ್ಲಿ ಒಂದು ಕಾಲದಲ್ಲಿ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟರೆಂದು ಹಳೆಯ ಒಡಂಬಡಿಕೆ ಹೇಳುತ್ತದೆ.

ಬೈಬಲಿನ ಆಧಾರಗಳು

ಹಳೆಯ ಒಡಂಬಡಿಕೆಯ ಬಹುಭಾಗ ಮರಣಾನಂತರದ ಬಗೆಗೆ ಹೆಚ್ಚು ಹೇಳುವುದಿಲ್ಲ. ಸತ್ತವರಲ್ಲಿ ಕೆಲವರು ನಿತ್ಯಜೀವಕ್ಕೂ ಕೆಲವರು ನಿಂದೆಗೂ ಎಚ್ಚೆತ್ತುಕೊಳ್ಳುವರೆಂಬ ಸ್ಪಷ್ಟ ಮಾತು ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಈ ವಿಷಯಕ್ಕೆ ಪ್ರಾಮುಖ್ಯ ದೊರೆತಿದೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕುರುಬನು ಕುರಿಗಳನ್ನು ಆಡುಗಳಿಂದ ಬೇರ್ಪಡಿಸುವಂತೆ ಅರಸನು ಜನಾಂಗಗಳನ್ನು ಬೇರ್ಪಡಿಸುತ್ತಾನೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟರೋ ಇಲ್ಲವೋ, ರೋಗಿಗಳನ್ನೂ ಸೆರೆಯಲ್ಲಿರುವವರನ್ನೂ ಕಂಡರೋ ಇಲ್ಲವೋ ಎಂಬುದೇ ಅಲ್ಲಿನ ಅಳತೆಗೋಲು. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರನ ಕಥೆಯಿದೆ. ಮರಣದ ನಂತರ ಇಬ್ಬರ ಸ್ಥಿತಿಯೂ ತಿರುಗುಮುರುಗಾಗುತ್ತದೆ.

ಪ್ರಕಟನೆ ಗ್ರಂಥದ 20ನೆಯ ಅಧ್ಯಾಯದಲ್ಲಿ ಜನರ ಕೃತ್ಯಗಳನ್ನು ಬರೆದ ಪುಸ್ತಕಗಳು ತೆರೆಯಲ್ಪಡುತ್ತವೆ. ಇದು ಓದುಗರಿಗೆ ಚಿತ್ರಗುಪ್ತನ ಲೆಕ್ಕದ ಪುಸ್ತಕವನ್ನು ನೆನಪಿಸಬಹುದು. ಆದರೆ ಅಲ್ಲಿ ಇನ್ನೊಂದು ಪುಸ್ತಕವೂ ಇದೆ. ಕನ್ನಡ ಬೈಬಲ್ ಅದನ್ನು ಜೀವಬಾಧ್ಯರ ಪಟ್ಟಿ ಎಂದು ಕರೆಯುತ್ತದೆ. ಕೃತ್ಯಗಳ ಲೆಕ್ಕ ಮುಖ್ಯವಾದರೂ ರಕ್ಷಣೆ ಅಂತಿಮವಾಗಿ ದೇವರ ಕೃಪೆಯಿಂದ ಲಭಿಸುವಂಥದು ಎಂದು ಕ್ರೈಸ್ತ ಪಂಡಿತರು ಅರ್ಥೈಸುತ್ತಾರೆ.

ದೇಹದ ಪುನರುತ್ಥಾನ

ಆತ್ಮ ಮಾತ್ರ ಉಳಿಯುತ್ತದೆಂಬುದು ಕ್ರೈಸ್ತ ಬೋಧೆಯಲ್ಲ. ಅಂತ್ಯದಲ್ಲಿ ದೇಹವೂ ರೂಪಾಂತರಗೊಂಡು ಎದ್ದುಬರುತ್ತದೆಂದು ನಂಬಲಾಗುತ್ತದೆ. ಮಣ್ಣಿನಲ್ಲಿ ಬಿತ್ತಿದ ಕಾಳು ಬೇರೊಂದು ರೂಪದಲ್ಲಿ ಮೊಳೆಯುವಂತೆ ಎಂಬ ಹೋಲಿಕೆಯನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ನೀಡಿದ್ದಾನೆ. ಶವವನ್ನು ಹೂಳುವ ಪದ್ಧತಿ ಈ ನಂಬಿಕೆಯೊಂದಿಗೆ ಬೆಸೆದುಕೊಂಡಿದೆ. ಕ್ಯಾಥೊಲಿಕ್ ಸಭೆ 1963ರಲ್ಲಿ ದಹನಕ್ಕೂ ಅನುಮತಿ ನೀಡಿತು. ಆದರೆ ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರಲ್ಲಿ ಸೂಚಿಸಿತು.

ಸಭೆಗಳ ನಡುವಣ ಭೇದ

ಕ್ಯಾಥೊಲಿಕ್ ಬೋಧೆಯ ಪ್ರಕಾರ ತೀರ್ಪು ಎರಡು ಬಗೆ. ಮರಣದ ಕೂಡಲೇ ಪ್ರತಿಯೊಬ್ಬರಿಗೂ ವೈಯಕ್ತಿಕ ತೀರ್ಪು ಆಗುತ್ತದೆ. ಲೋಕಾಂತ್ಯದಲ್ಲಿ ಎಲ್ಲರಿಗೂ ಸಾರ್ವತ್ರಿಕ ತೀರ್ಪು ನಡೆಯುತ್ತದೆ. ದೇವರ ಕೃಪೆಯಲ್ಲಿ ಸತ್ತರೂ ಪೂರ್ಣವಾಗಿ ಶುದ್ಧರಾಗದವರು ಶುದ್ಧೀಕರಣವನ್ನು ಹೊಂದಿ ಸ್ವರ್ಗ ಸೇರುತ್ತಾರೆ. ಈ ಬೋಧೆಯನ್ನು 1274ರ ಲಿಯಾನ್, 1439ರ ಫ್ಲಾರೆನ್ಸ್ ಮತ್ತು 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಗಳು ಸ್ಥಿರಪಡಿಸಿದವು. ಶುದ್ಧೀಕರಣದ ಕಾಲವನ್ನು ಕಡಿಮೆ ಮಾಡುವುದೆಂದು ಹೇಳಿ ಪಾಪದಂಡನೆಯ ವಿನಾಯಿತಿ ಪತ್ರಗಳನ್ನು ಮಾರುತ್ತಿದ್ದುದನ್ನು ಮಾರ್ಟಿನ್ ಲೂಥರ್ 1517ರಲ್ಲಿ ಪ್ರಶ್ನಿಸಿದನು. ಪ್ರಾಟೆಸ್ಟೆಂಟ್ ಸಭೆಗಳು ಮುಂದೆ ಈ ಬೋಧೆಯನ್ನೇ ಕೈಬಿಟ್ಟವು.

ಈ ಎರಡೂ ಪರಂಪರೆಗಳು ರಾಯಚೂರು ಜಿಲ್ಲೆಯಲ್ಲಿವೆ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಸಮುದಾಯವಿದೆ; ಜಿಲ್ಲೆಯ ಕ್ಯಾಥೊಲಿಕ್ ಸಭೆ ಇಂದು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಪ್ರಾಟೆಸ್ಟೆಂಟರಲ್ಲಿ ಮೆಥೊಡಿಸ್ಟ್ ಸಭೆ ಪ್ರಮುಖವಾದುದು. ಕ್ಯಾಥೊಲಿಕರು ನವೆಂಬರ್ 2ರಂದು ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. ಮೆಥೊಡಿಸ್ಟರ ಅಂತ್ಯಕ್ರಿಯೆಯ ಪ್ರಾರ್ಥನೆಯಾದರೋ ಮುಖ್ಯವಾಗಿ ಮೃತರ ಜೀವನಕ್ಕಾಗಿ ಕೃತಜ್ಞತೆ ಹಾಗೂ ಉಳಿದವರಿಗಾಗಿ ಸಾಂತ್ವನ.

ನರಕವು ನಿತ್ಯ ಯಾತನೆಯ ಸ್ಥಿತಿ ಎಂಬುದು ಸಾಂಪ್ರದಾಯಿಕ ಬೋಧೆ. ಸೆವೆಂತ್ ಡೇ ಅಡ್ವೆಂಟಿಸ್ಟರು ದುಷ್ಟರು ಕೊನೆಗೆ ನಾಶವಾಗುವರೇ ಹೊರತು ಸದಾ ನರಳುವುದಿಲ್ಲ ಎನ್ನುತ್ತಾರೆ.

ಇತರ ಧರ್ಮೀಯರ ಗತಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ನೆರೆಹೊರೆಯವರಲ್ಲಿಯೂ ಅನೇಕರ ಬಂಧುಬಳಗದಲ್ಲಿಯೂ ಇತರ ಧರ್ಮದವರಿರುವುದರಿಂದ ಈ ಪ್ರಶ್ನೆ ಇಲ್ಲಿನ ಕ್ರೈಸ್ತರಿಗೆ ಕೇವಲ ಶಾಸ್ತ್ರಚರ್ಚೆಯಲ್ಲ. ಕ್ರಿಸ್ತನಲ್ಲಿ ವಿಶ್ವಾಸವಿಡದವರಿಗೆ ರಕ್ಷಣೆಯಿಲ್ಲವೆಂದು ಹಲವು ಸುವಾರ್ತಾ ಸಭೆಗಳು ಬೋಧಿಸುತ್ತವೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದಿದ್ದರೂ ಪ್ರಾಮಾಣಿಕವಾಗಿ ದೇವರನ್ನು ಅರಸಿ, ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಘೋಷಿಸಿತು.

ಸಾಮಾಜಿಕ ಅರ್ಥ

ನ್ಯಾಯತೀರ್ಪನ್ನು ಭಯ ಹುಟ್ಟಿಸುವ ಬೋಧೆಯೆಂದು ಮಾತ್ರ ಕಾಣುವುದು ಅಪೂರ್ಣ. ಅನ್ಯಾಯಕ್ಕೆ ಒಳಗಾದವರಿಗೆ ಅದು ಭರವಸೆಯೂ ಹೌದು, ಏಕೆಂದರೆ ಲೋಕದ ನ್ಯಾಯಾಲಯದಲ್ಲಿ ಕೇಳಿಸದ ಮೊರೆಯನ್ನು ದೇವರು ಕೇಳುತ್ತಾನೆಂಬ ಮಾತು ಅದರಲ್ಲಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸವನ್ನು ದಲಿತ ಕ್ರೈಸ್ತ ಚಿಂತನೆಯ ಆರಂಭವೆಂದು ಪರಿಗಣಿಸಲಾಗುತ್ತದೆ. ನೊಂದವರ ಅನುಭವದಿಂದಲೇ ದೇವರ ಕುರಿತ ಚಿಂತನೆ ಹೊರಡಬೇಕೆಂಬುದು ಆ ಪಂಥದ ನಿಲುವು. ಈ ದೃಷ್ಟಿಯಿಂದ ಓದಿದಾಗ ಲಾಜರನ ಕಥೆ ಸತ್ತ ಮೇಲಿನ ಲೋಕದ ವರ್ಣನೆಯಾಗಿರುವಷ್ಟೇ, ಬಾಗಿಲಲ್ಲಿ ಬಿದ್ದಿರುವವನನ್ನು ಬದುಕಿರುವಾಗಲೇ ಕಾಣಬೇಕೆಂಬ ಎಚ್ಚರಿಕೆಯೂ ಆಗಿದೆ.