ಅಪ್ಪ ಒಪ್ಪುತ್ತಿಲ್ಲ, ಅವನನ್ನು ಬಿಡೋಕಾಗ್ತಿಲ್ಲ

ಶನಿವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋಗ್ತೀರಿ. ಬೆಳಿಗ್ಗೆ ಏಳೋ ಹೊತ್ತಿಗೆ ಅಮ್ಮ ನಿಮಗಿಷ್ಟ ಅಂತ ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡಿಟ್ಟಿರ್ತಾಳೆ. ತಟ್ಟೆ ಮುಂದೆ ಕೂತಾಗ ಮೊಬೈಲ್ ಗುರ್ರ್ ಅನ್ನುತ್ತೆ. ಸ್ಕ್ರೀನ್ ಮೇಲೆ 'ಶಿಲ್ಪಾ ಆಫೀಸ್' ಅಂತ ಹೆಸರು. ಅದು ಶಿಲ್ಪಾ ಅಲ್ಲ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಫೋನ್ ಮಗುಚಿ ಹಾಕ್ತೀರಿ. 'ಭಾನುವಾರಾನೂ ಬಿಡಲ್ವಾ ಆಫೀಸಿನವರು?' ಅಂತ ಅಪ್ಪ ಕೇಳ್ತಾರೆ. ನೀವು ನಗ್ತೀರಿ. ಆ ರೊಟ್ಟಿ ಗಂಟಲಲ್ಲಿ ಇಳಿಯಲ್ಲ.

ನೀವು ಪ್ರೀತಿಸಿದ್ದೀರಿ. ಹುಡುಗ ಒಳ್ಳೆಯವನು, ಕೆಲಸ ಇದೆ, ಕುಡಿತ-ಗಿಡಿತ ಇಲ್ಲ. ಆದರೆ ಅವನ ಹೆಸರು ಹೇಳಿದ ಕ್ಷಣವೇ ಮನೆಯಲ್ಲಿ ಉಳಿದ ಯಾವ ವಿವರವೂ ಯಾರ ಕಿವಿಗೂ ಬೀಳಲ್ಲ. ಬೇರೆ ಜಾತಿ ಅಂದ್ರೇನೇ ಆರು ತಿಂಗಳು ಮಾತು ಬಿಡುವ ಮನೆಗಳಿವೆ. ಇದು ಬೇರೆ ಧರ್ಮ. ಮೇಲಿಂದ ಟೀವಿ ಚರ್ಚೆ, ವಾಟ್ಸ್‌ಆ್ಯಪ್‌ನಲ್ಲಿ ಬರೋ ಕಥೆಗಳು ಬೇರೆ. ಅಪ್ಪ-ಅಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯ ಇರುತ್ತೆ. ಅವರ ಭಯಕ್ಕೆ ಬರೀ ಸಿಟ್ಟಿನಿಂದ ಉತ್ತರ ಕೊಟ್ಟು ಗೆದ್ದವರನ್ನು ನಾನಂತೂ ನೋಡಿಲ್ಲ.

ಮನೆಗೆ ಹೇಳೋ ಮುಂಚೆ

ಅಪ್ಪನಿಗೆ ಹೇಗೆ ಹೇಳೋದು ಅಂತ ತಲೆ ಕೆಡಿಸಿಕೊಳ್ಳೋ ಮುಂಚೆ ಅವನ ಜೊತೆ ಒಂದು ಮಾತು ಮುಗಿಸಿ. ಸಿನಿಮಾಕ್ಕೆ ಹೋಗಿ, ಐಸ್‌ಕ್ರೀಂ ತಿಂದು ಬಂದದ್ದಷ್ಟೇ ಸಾಲದು. ಮದುವೆ ಆದ ಮೇಲೆ ನಿಮ್ಮ ಹೆಸರು ಹೀಗೇ ಇರುತ್ತಾ? ಹಣೆಗೆ ಕುಂಕುಮ ಇಟ್ಟುಕೊಂಡು ಅವನ ಅಮ್ಮನ ಮನೆಗೆ ಹೋಗಬಹುದಾ? ಗೌರಿ ಹಬ್ಬಕ್ಕೆ ನಿಮ್ಮ ತವರಿನಿಂದ ಬಾಗಿನ ಬಂದರೆ ಆ ಮನೆಯಲ್ಲಿ ಅದಕ್ಕೊಂದು ಜಾಗ ಇದೆಯಾ? ಅವನು ರಂಜಾನ್‌ನಲ್ಲಿ ಉಪವಾಸ ಹಿಡಿದಾಗ ನಿಮ್ಮಿಂದ ಏನು ನಿರೀಕ್ಷೆ ಇದೆ? ಅವನು ಕ್ರೈಸ್ತನಾದರೆ, ಹುಟ್ಟೋ ಮಗುವಿಗೆ ಜ್ಞಾನಸ್ನಾನ ಮಾಡಿಸಲೇಬೇಕು ಅಂತ ಅವನ ಮನಸ್ಸಿನಲ್ಲಿದೆಯಾ? ಮಗುವಿಗೆ ಯಾವ ಹೆಸರು? ಅಡುಗೆಮನೆಯಲ್ಲಿ ಏನು ಬೇಯುತ್ತೆ, ಏನು ಬೇಯಲ್ಲ? ಇನ್ನೂ ಮುಂದಕ್ಕೆ ಹೋಗಿ, ಸತ್ತಾಗ ಹೂಳೋದೋ ಸುಡೋದೋ ಅನ್ನೋದನ್ನೂ ಕೇಳಿ. 'ಛೀ, ಅಪಶಕುನದ ಮಾತು' ಅನಿಸುತ್ತೆ. ಆದರೆ ನಿಮ್ಮಪ್ಪ ಮೊದಲ ದಿನವೇ ಕೇಳೋ ಪ್ರಶ್ನೆಗಳು ಇವೇ.

'ಅದೆಲ್ಲ ಆಮೇಲೆ ನೋಡೋಣ ಬಿಡು' ಅಂತ ಅವನಂದರೆ ಸ್ವಲ್ಪ ಎಚ್ಚರ. ಅವನು ಕೆಟ್ಟವನು ಅಂತಲ್ಲ, ಅವನ ಮನೆಯಲ್ಲಿ ಅವನಿನ್ನೂ ಬಾಯಿ ಬಿಟ್ಟಿಲ್ಲ ಅಂತ ಅರ್ಥ. ವಿರೋಧ ಬರೋದು ಹುಡುಗಿ ಮನೆಯಿಂದ ಮಾತ್ರ ಅಂದುಕೊಳ್ಳಬೇಡಿ. ಅಲ್ಲೂ ಒಬ್ಬ ಅಮ್ಮ ಇದ್ದಾಳೆ, ಅವಳೂ ಅಳ್ತಾಳೆ.

'ಅಮ್ಮನ ಸಮಾಧಾನಕ್ಕೆ ಹೆಸರಿಗೆ ಮಾತ್ರ ಧರ್ಮ ಬದಲಾಯಿಸಿಬಿಡು, ಆಮೇಲೆ ನಿನ್ನಿಷ್ಟ' ಅನ್ನೋ ಮಾತು ಬಹಳ ಮನೆಗಳಲ್ಲಿ ಬರುತ್ತೆ. ಹೆಸರಿಗೆ ಮಾತ್ರ ಅನ್ನೋದು ಕಾನೂನಿನಲ್ಲಿ ಇಲ್ಲ. ಹಿಂದೂ ಹೆಣ್ಣುಮಗಳು ಮತಾಂತರ ಆದರೆ ಅವಳ ಸ್ವಂತ ಉತ್ತರಾಧಿಕಾರದ ಹಕ್ಕು ಅದರಿಂದಲೇ ಹೋಗಲ್ಲ. ಆದರೆ ಆಮೇಲೆ ಹುಟ್ಟೋ ಮಕ್ಕಳಿಗೆ, ಅವರು ಹಿಂದೂಗಳಾಗಿ ಇರದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಜ್ಜ-ಅಜ್ಜಿ ಕಡೆಯ ನೆಂಟರ ಆಸ್ತಿ ಬರೋದಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆಯೇ ಪ್ರತ್ಯೇಕ ಕಾಯಿದೆ ಬಂತು, ಮುಂಚಿತವಾಗಿ ಘೋಷಣೆ ಕೊಡಬೇಕು ಅಂತ ಅದು ಹೇಳಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ವಕೀಲರ ಜೊತೆ ಕೂತು ಮಾತಾಡದೆ ಈ ವಿಷಯದಲ್ಲಿ ಒಂದು ಸಹಿಯನ್ನೂ ಹಾಕಬೇಡಿ. ನಿಮಗೇ ಆ ಧರ್ಮದಲ್ಲಿ ನಂಬಿಕೆ ಬಂದಿದ್ದರೆ ಅದು ಬೇರೆ ಮಾತು. ಅತ್ತೆಯನ್ನು ಒಪ್ಪಿಸೋಕೆ ಅಂತ ಮಾಡೋದಾದರೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹೇಳೋದು ಯಾರಿಗೆ, ಯಾವಾಗ?

ಹಬ್ಬದ ದಿನ ಬೇಡ. ನೆಂಟರು ತುಂಬಿರೋ ಮನೆಯಲ್ಲಿ ಬೇಡ. ಫೋನಿನಲ್ಲಂತೂ ಬೇಡವೇ ಬೇಡ. 'ಮುಂದಿನ ವಾರ ಗಂಡಿನ ಕಡೆಯವರು ನೋಡೋಕೆ ಬರ್ತಾರೆ' ಅಂತ ಅಮ್ಮ ಹೇಳಿದ ಮೇಲೆ ಹೇಳಿದರೆ ಅದು ತಪ್ಪಿಸಿಕೊಳ್ಳೋ ನೆಪದ ಹಾಗೆ ಕೇಳುತ್ತೆ. ಅದಕ್ಕೂ ಮುಂಚೆಯೇ ಹೇಳಿ.

ಬಹಳ ಹುಡುಗಿಯರು ಅಮ್ಮನಿಗೆ ಮಾತ್ರ ಹೇಳಿ, 'ನೀನೇ ಅಪ್ಪನಿಗೆ ಹೇಳು' ಅಂತ ಬೆಂಗಳೂರಿನ ಬಸ್ ಹತ್ತಿಬಿಡ್ತಾರೆ. ಪಾಪ, ಅಮ್ಮನ ಗತಿ ಯೋಚಿಸಿ. 'ಮಗಳನ್ನ ಹಾಳು ಮಾಡಿದ್ದೇ ನೀನು' ಅನ್ನೋ ಮಾತು ಆ ರಾತ್ರಿಯೇ ಅವಳ ತಲೆಗೆ ಬೀಳುತ್ತೆ. ಮೊದಲು ಅಮ್ಮನಿಗೇ ಹೇಳಿ, ಸರಿ. ಅಪ್ಪನಿಗೆ ಹೇಳುವಾಗ ನೀವೂ ಅಲ್ಲಿರಿ. ಅಪ್ಪ ಯಾರ ಮಾತಿಗೆ ಬೆಲೆ ಕೊಡ್ತಾರೋ ಅಂಥ ಒಬ್ಬರು, ಸೋದರಮಾವನೋ ದೊಡ್ಡಪ್ಪನೋ ಹಳೇ ಮೇಷ್ಟರೋ, ಜೊತೆಗಿದ್ದರೆ ಇನ್ನೂ ಒಳ್ಳೇದು. ಹುಡುಗನನ್ನು ಮಾತ್ರ ಅವತ್ತೇ ಕರ್ಕೊಂಡು ಹೋಗಬೇಡಿ. ಬಾಗಿಲಲ್ಲಿ ನಿಂತ ಹುಡುಗನ ಎದುರು ಅಪ್ಪ ಆಡಿಬಿಟ್ಟ ಮಾತನ್ನು ಆಮೇಲೆ ಅವರೇ ವಾಪಸ್ ತಗೊಳ್ಳೋಕಾಗಲ್ಲ.

ಮಾತು ಚಿಕ್ಕದಿರಲಿ. 'ಅಪ್ಪಾ, ನಾನು ಒಬ್ಬನನ್ನ ಇಷ್ಟಪಟ್ಟಿದೀನಿ. ಅವನು ಮುಸ್ಲಿಂ. ನಿಮ್ಮಿಂದ ಮುಚ್ಚಿಡೋಕೆ ಇಷ್ಟ ಇಲ್ಲ. ಓಡಿಹೋಗಲ್ಲ, ಹೆದರಬೇಡಿ. ನಿಮಗೆ ಟೈಮ್ ಬೇಕು ಅಂತ ಗೊತ್ತು.' ಅಷ್ಟು ಸಾಕು. ಅವರು ಕೂಗಾಡಲಿ, ಸುಮ್ಮನೆ ಎದ್ದುಹೋಗಲಿ. 'ಸತ್ತೋಗ್ತೀನಿ' ಅನ್ನೋ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು. ಅವರು ಅಂದರೂ ನೀವು ತಿರುಗಿಸಿ ಅನ್ನಬೇಡಿ. ಮನೆಯಲ್ಲಿ ಯಾರೇ ಆಗಲಿ, ಬರೀ ಬೆದರಿಕೆಗಲ್ಲ, ನಿಜಕ್ಕೂ ಆ ಯೋಚನೆಯಲ್ಲಿದ್ದಾರೆ ಅನಿಸಿದರೆ ಒಬ್ಬರೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಶುರುವಾಗುತ್ತೆ, 'ಜನ ಏನಂತಾರೆ?' 'ಜನಕ್ಕೇನು, ನಾಲ್ಕು ದಿನ ಮಾತಾಡ್ತಾರೆ' ಅಂತ ಉತ್ತರ ಕೊಡೋದು ಸುಲಭ. ನೀವು ಬೆಂಗಳೂರಿನ ಪಿಜಿಯಲ್ಲಿದ್ದೀರಿ, ನಿಮಗೆ ನಾಲ್ಕು ದಿನ. ಅದೇ ಬೀದಿಯಲ್ಲಿ, ಅದೇ ದೇವಸ್ಥಾನಕ್ಕೆ, ಅದೇ ಸೊಸೈಟಿಗೆ ದಿನಾ ಹೋಗಬೇಕಾದ ಅಪ್ಪನಿಗೆ ಅದು ನಾಲ್ಕು ವರ್ಷ. 'ತಂಗಿಗೆ ಗಂಡು ಸಿಗುತ್ತಾ?' ಅನ್ನೋ ಪ್ರಶ್ನೆಯೂ ಸುಳ್ಳಲ್ಲ. ಇದಕ್ಕೆ ವಾದ ಬೇಡ. 'ತಂಗಿ ಮದುವೆ ಆಗೋವರೆಗೂ ಕಾಯ್ತೀವಿ' ಅಂತ ಹೇಳಬಹುದು, ಕಾದರೆ ತಪ್ಪೇನಿಲ್ಲ. ಆದರೆ ಕಾಯೋದಕ್ಕೆ ಒಂದು ಲೆಕ್ಕ ಇರಲಿ. ಒಂದು ವರ್ಷವೋ ಎರಡು ವರ್ಷವೋ, ಬಾಯಿಬಿಟ್ಟು ಹೇಳಿ. ತಂಗಿ ಇನ್ನೂ ಪಿಯುಸಿ ಓದ್ತಿದ್ದಾಳೆ ಅಂದರೆ ಆ ಮಾತು ಕೊಡಲೇಬೇಡಿ!

ಉದಾಹರಣೆ ಕೊಡೋ ಆಸೆಯೂ ಆಗುತ್ತೆ. ಯು.ಆರ್. ಅನಂತಮೂರ್ತಿ ಅವರು ಕ್ರೈಸ್ತರಾದ ಎಸ್ತರ್ ಅವರನ್ನು ಮದುವೆಯಾಗಿದ್ದು 1956ರಲ್ಲಿ. ತೀರ್ಥಹಳ್ಳಿ ಕಡೆಯ ಬ್ರಾಹ್ಮಣ ಮನೆತನದ ಹುಡುಗ, ಆ ಕಾಲದಲ್ಲಿ! ಇದನ್ನು ಹೇಳಿದರೆ ಅಪ್ಪ ಏನಂತಾರೆ ಗೊತ್ತಾ? 'ಅವರು ದೊಡ್ಡವರಮ್ಮ, ಅವರಿಗೆ ನಡೆಯುತ್ತೆ.' ಉದಾಹರಣೆಗಳಿಂದ ಅಪ್ಪಂದಿರು ಕರಗಲ್ಲ. ಅದೇ ಹುಡುಗ ನಿಮ್ಮ ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಕಾರಿಡಾರಿನಲ್ಲಿ ಕೂತಿದ್ದ ಅಂತ ಗೊತ್ತಾದರೆ ಸ್ವಲ್ಪ ಕರಗಬಹುದು.

ದೇವಸ್ಥಾನದ ಮದುವೆ ಸಾಲದು

'ಒಂದು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದುಬಿಟ್ಟರೆ ಅಪ್ಪ ಏನೂ ಮಾಡೋಕಾಗಲ್ಲ' ಅಂತ ಗೆಳತಿಯರು ಹೇಳಿಕೊಡ್ತಾರೆ. ಈ ಮಾತಿನಲ್ಲಿ ದೊಡ್ಡ ಮೋಸ ಇದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಕ್ರೈಸ್ತ ಹುಡುಗ, ಹಿಂದೂ ಹುಡುಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿಕೊಂಡ ಒಂದು ಪ್ರಕರಣದಲ್ಲಿ ಆ ಮದುವೆ ಅಸಿಂಧು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಇನ್ನು ಧರ್ಮ ಬದಲಾಯಿಸದೆ ಮುಸ್ಲಿಂ ಪದ್ಧತಿಯಲ್ಲಿ ಮದುವೆಯಾದ ಹಿಂದೂ ಹೆಣ್ಣುಮಗಳಿಗೆ ಮೆಹರ್ ಸಿಗುತ್ತೆ, ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿರುತ್ತೆ, ಗಂಡನ ಆಸ್ತಿಯಲ್ಲಿ ಮಾತ್ರ ಅವಳಿಗೆ ಪಾಲು ಬರಲ್ಲ ಅಂತ 2019ರಲ್ಲಿ ಅದೇ ಕೋರ್ಟ್ ಹೇಳಿದೆ.

ಇಬ್ಬರೂ ಅವರವರ ಧರ್ಮದಲ್ಲೇ ಇದ್ದು ಮದುವೆಯಾಗೋಕೆ ಇರೋ ದಾರಿ 1954ರ ವಿಶೇಷ ವಿವಾಹ ಕಾಯಿದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸ ಇರೋ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. 30 ದಿನ ಕಳೆದ ಮೇಲೆ, ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿಂದ. ಆಕ್ಷೇಪಣೆ ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣ ವಯಸ್ಸು ಸಾಲದು, ಇನ್ನೊಂದು ಮದುವೆ ಇದೆ, ಹತ್ತಿರದ ರಕ್ತಸಂಬಂಧ ಇದೆ ಅನ್ನೋ ಥರದ್ದಾಗಿರಬೇಕು. 'ನಮಗಿಷ್ಟ ಇಲ್ಲ' ಅನ್ನೋದು ಕಾರಣ ಅಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಎಡವೋದು ಇಲ್ಲೇ. ನಿಮ್ಮ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ಕಚೇರಿಗೂ ಹೋಗುತ್ತೆ, ಅಲ್ಲೂ ಗೋಡೆಗೆ ಅಂಟಿಸ್ತಾರೆ. ಬೆಂಗಳೂರಿನಲ್ಲಿ ಗುಟ್ಟಾಗಿ ಅರ್ಜಿ ಹಾಕಿದೆ ಅಂದುಕೊಂಡಿರ್ತೀರಿ, ಹಾಸನದಲ್ಲಿ ಜಮೀನಿನ ಕೆಲಸಕ್ಕೆ ಹೋದ ಯಾರೋ ಪರಿಚಯದವರು ಅದನ್ನ ಓದಿ ಅಪ್ಪನಿಗೆ ಫೋನ್ ಮಾಡ್ತಾರೆ. ಅಪ್ಪನಿಗೆ ಸುದ್ದಿ ಹಾಗೆ ತಲುಪಬಾರದು. ಮನೆಯವರಿಂದ ಪ್ರಾಣಕ್ಕೆ ಅಪಾಯ ಇಲ್ಲ ಅಂತ ಖಾತ್ರಿ ಇದ್ದರೆ, ನೋಟಿಸ್ ಕೊಡೋ ಮುಂಚೆ ನೀವೇ ಹೇಳಿ. ಅಪಾಯ ಇದೆ ಅನಿಸಿದರೆ ನೋಟಿಸ್‌ಗೂ ಮುಂಚೆ ವಕೀಲರು.

ಆಸ್ತಿ ಮಾತೂ ಬರುತ್ತೆ. 'ಬಿಡಿಗಾಸೂ ಕೊಡಲ್ಲ' ಅಂತ. ಅಪ್ಪ ಸ್ವಂತ ದುಡಿದು ಮಾಡಿದ್ದನ್ನು ಯಾರಿಗೆ ಬೇಕಾದರೂ ವಿಲ್ ಬರೀಬಹುದು, ಅದು ಅವರಿಷ್ಟ. ಪಿತ್ರಾರ್ಜಿತದ ಕಥೆ ಬೇರೆ. ವಿಶೇಷ ವಿವಾಹ ಕಾಯಿದೆಯಲ್ಲಿ ಬೇರೆ ಧರ್ಮದವರನ್ನು ಮದುವೆಯಾದರೆ ನೀವು ಅವಿಭಕ್ತ ಕುಟುಂಬದಿಂದ ಬೇರೆಯಾದಿರಿ ಅಂತ ಲೆಕ್ಕ, ನಿಮ್ಮ ಪಾಲು ಹೋಯ್ತು ಅಂತಲ್ಲ. ಈ ಮಾತನ್ನ ಜಗಳದ ಮಧ್ಯೆ ಎತ್ತಬೇಡಿ ಮಾತ್ರ. ಪ್ರೀತಿಯ ಜೊತೆ ಪಾಲೂ ಕೇಳೋಕೆ ಬಂದಳು ಅನಿಸಿಬಿಡುತ್ತೆ.

ಕಣ್ಣೀರು ಬೇರೆ, ಬೀಗ ಬೇರೆ

ಅಮ್ಮ ಊಟ ಬಿಟ್ಟಳು, ಅಪ್ಪ ಮಾತು ಬಿಟ್ಟರು, ಅಜ್ಜಿ ಶಾಪ ಹಾಕಿದಳು. ಇದೆಲ್ಲ ನೋವು. ತಡ್ಕೋಬೇಕು. ಫೋನ್ ಕಿತ್ತುಕೊಂಡರು, ಕೋಣೆಗೆ ಬೀಗ ಹಾಕಿದರು, ಹೊಡೆದರು, ಹದಿನೈದು ದಿನದಲ್ಲಿ ಬೇರೆ ಮದುವೆ ಗೊತ್ತುಮಾಡಿದರು, ಅವನ ಮನೆಗೆ ಜನ ಕಳಿಸಿದರು. ಇದು ಅಪರಾಧ, ತಡ್ಕೋಬಾರದು. 'ನಮ್ಮಪ್ಪ ಹಾಗೆ ಮಾಡೋರಲ್ಲ' ಅನ್ನೋದು ನಿಜ ಇರಬಹುದು. ಆದರೆ ಚಿಕ್ಕಪ್ಪನ ಮಕ್ಕಳ ಬಗ್ಗೆ, ಊರಿನ ಹುಡುಗರ ಬಗ್ಗೆ ಅದೇ ಮಾತು ಹೇಳ್ತೀರಾ?

ಆದ್ದರಿಂದ ಮನೆಯಲ್ಲಿ ಮಾತು ಎತ್ತೋ ಮುಂಚೆಯೇ ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಲಿರಲಿ. ಕೆಲಸ ಬಿಡಬೇಡಿ, ಯಾರು ಹೇಳಿದರೂ. ಒಬ್ಬ ಗೆಳತಿಗೆ ಎಲ್ಲ ಗೊತ್ತಿರಲಿ, ಎರಡು ದಿನ ನಿಮ್ಮ ಫೋನ್ ಬರದಿದ್ದರೆ ಏನು ಮಾಡಬೇಕು ಅಂತ ಅವಳಿಗೆ ಹೇಳಿಟ್ಟಿರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಜಿಲ್ಲಾ ಕೇಂದ್ರದಲ್ಲಿ 'ಸಖಿ' ಕೇಂದ್ರ ಇರುತ್ತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಸಂಬಳ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಅದರ ನಂಬರ್ 15100. ವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗೋಕೆ ಕುಟುಂಬದ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು ಅಂತ 2018ರಲ್ಲೇ ಪೊಲೀಸರಿಗೆ ನಿರ್ದೇಶನ ಕೊಟ್ಟಿತ್ತು. ಸ್ಟೇಷನ್ನಿನಲ್ಲಿ 'ಮನೆಗೆ ಹೋಗಮ್ಮ, ರಾಜಿ ಮಾಡ್ಕೋ' ಅಂದರೆ ಇದನ್ನ ನೆನಪಿಸಿ.

ಇನ್ನೊಂದು ಮಾತು, ಹೇಳೋಕೆ ಸ್ವಲ್ಪ ಕಷ್ಟ. ಇಷ್ಟೆಲ್ಲ ಹೋರಾಡ್ತಾ ಹೋರಾಡ್ತಾ, ನಿಮಗೇ ಅವನು ಬೇಡ ಅನಿಸೋಕೆ ಶುರುವಾಗಬಹುದು. ಮನೆಯವರ ಎದುರು ಸೋತ ಹಾಗಾಗುತ್ತಲ್ಲ ಅಂತ ಹಟಕ್ಕೆ ಮದುವೆಯಾಗಬೇಡಿ. ಹಾಗೇ ಅಮ್ಮನ ಬಿಪಿ ನೋಡಿ ಹೆದರಿ, ಇನ್ಯಾರಿಗೋ ಕೊರಳೊಡ್ಡಿ, ಆ ಪಾಪದವನ ಬದುಕನ್ನೂ ಕೆಡಿಸಬೇಡಿ. ಬೇಡ ಅನ್ನೋದಾದರೆ ಅದು ನಿಮ್ಮದೇ ತೀರ್ಮಾನ ಆಗಿರಲಿ.

ನನ್ನ ಗೆಳತಿಯೊಬ್ಬಳು ಮೂರು ವರ್ಷ ಕಾದು, ಹೇಳಿಯೇ, ರಿಜಿಸ್ಟರ್ ಮದುವೆಯಾದಳು. ಅಪ್ಪ ಬರಲಿಲ್ಲ. ಅಮ್ಮನೂ ಬರಲಿಲ್ಲ, ತಮ್ಮನ ಕೈಲಿ ಒಂದು ರೇಷ್ಮೆ ಸೀರೆ ಕಳಿಸಿದ್ದಳು. ಇವಳು ಪ್ರತಿ ಭಾನುವಾರ ಮನೆಗೆ ಫೋನ್ ಮಾಡೋದು ಬಿಡಲಿಲ್ಲ. ಅಪ್ಪ ಎತ್ತಿದರೆ 'ಹೂಂ, ಕೊಡ್ತೀನಿ' ಅಂತ ಅಮ್ಮನಿಗೆ ಕೊಟ್ಟುಬಿಡೋರು. ಹೀಗೇ ನಾಲ್ಕು ವರ್ಷ. ಒಂದು ಭಾನುವಾರ ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು, ಅಪ್ಪನೇ ಎತ್ತಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ಕಡೆ ಮಳೆ ಆಯ್ತಾ?' ಅಂತ ಕೇಳಿದರು. ಅಳಿಯನ ಹೆಸರನ್ನ ಅವರು ಇವತ್ತಿಗೂ ಬಾಯಿಬಿಟ್ಟು ಹೇಳಲ್ಲ, 'ನಿಮ್ಮನೆಯವರು' ಅಂತಾರೆ. ಅದೇ ಸಾಕು ಅಂತಾಳೆ ಅವಳು.