ಬಚ್ಚಲು ನೀರಿಗೆ ತಕ್ಕಷ್ಟು ಹಿತ್ತಲು

ಶಿವರಾತ್ರಿ ಕಳೆದ ಮೇಲೆ ಹಿತ್ತಲಲ್ಲಿ ತರಕಾರಿ ಹಾಕ್ತೀವಿ ಅಂದರೆ ನಮ್ಮ ಪಂಚನಹಳ್ಳಿ ಕಡೆ ಜನ ನಗುತ್ತಾರೆ. ಜಿಲ್ಲೆ ಚಿಕ್ಕಮಗಳೂರಾದರೂ ಮಲೆನಾಡಿನ ಮಳೆ ನಮಗಿಲ್ಲ. ಕಡೂರು ತಾಲ್ಲೂಕಿನ ಈ ಬಯಲಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಬಿದ್ದರೆ ಪುಣ್ಯ. ಕೊಳವೆಬಾವಿ ನೀರು ತೆಂಗಿಗೇ ಸಾಲದು. 2023ರ ಬರದ ನಂತರದ ಬೇಸಿಗೆಯಲ್ಲಂತೂ ನಮ್ಮದು ಮುಕ್ಕಾಲು ಗಂಟೆ ಓಡಿ ಗಾಳಿ ಬಿಡುತ್ತಿತ್ತು. ತೆಂಗು ಉಳಿಸಬೇಕೋ ಬೆಂಡೆ ಉಳಿಸಬೇಕೋ ಅಂದರೆ ಯಾರಾದರೂ ತೆಂಗು ಅನ್ನುತ್ತಾರೆ. ನಾನೂ ಅದನ್ನೇ ಅಂದೆ. ಆದರೆ ಮನೆಯಲ್ಲಿ ಏಳು ಜನ. ಸಂತೆ ತರಕಾರಿಗೂ ಅದೇ ತೆಂಗಿನ ದುಡ್ಡೇ ಆಗಬೇಕು.

"ಬೋರಿನ ನೀರು ನಾನು ಕೇಳಲ್ಲ ಕಣ್ರೀ. ಬಚ್ಚಲಿಂದ ಹೋಗೋ ನೀರು ನಂಗೆ ಬಿಡಿ" ಅಂದಳು ನನ್ನಾಕೆ. ಒಂದು ವಾರ ಅಳತೆ ಹಾಕಿದಳು. ಸ್ನಾನದ್ದು, ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು, ಬಟ್ಟೆ ಜಾಲಿಸಿದ್ದು ಎಲ್ಲ ಸೇರಿ ದಿನಕ್ಕೆ 15 ಲೀಟರಿನ 12 ಬಿಂದಿಗೆ, ಅಂದರೆ 180 ಲೀಟರ್.

ಮುಂದಿನ ಲೆಕ್ಕ ನನ್ನದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಮಾರ್ಚ್-ಏಪ್ರಿಲ್ ಬಿಸಿಲಿಗೆ ಬೆಳೆ ಇರುವ ಪಾತಿಯಿಂದ ದಿನಕ್ಕೆ 5-6 ಮಿ.ಮೀ. ಆರಿಹೋಗುತ್ತದೆ. ಹಾಗಾದರೆ 180 ಲೀಟರ್ 30 ಚದರ ಮೀಟರಿಗೆ ಸರಿಹೋಯಿತು. 10 ಅಡಿ ಉದ್ದ, 5 ಅಡಿ ಅಗಲದ ಆರು ಪಾತಿ, ಅಷ್ಟೇ. ಜಾಗ ಇದೆ ಅಂತ ಏಳನೆಯದು, ಎಂಟನೆಯದು ಮಾಡಿಕೊಂಡರೆ ಎಲ್ಲದಕ್ಕೂ ಅರೆಹೊಟ್ಟೆ. ಬೇಸಿಗೆ ಹಿತ್ತಲು ಸೋಲುವುದು ಹೆಚ್ಚಾಗಿ ಇಲ್ಲೇ. ಗೊಬ್ಬರ, ಬೀಜದ ಮಾತು ಆಮೇಲಿನದು.

ಬಚ್ಚಲು ನೀರೆಲ್ಲ ಒಂದೇ ಅಲ್ಲ. ಸೋಪಿನ ಪುಡಿಯಲ್ಲಿ ಬಟ್ಟೆ ನೆನೆಸಿದ ಮೊದಲ ನೀರಲ್ಲಿ ಸೋಡಿಯಂ ಹೆಚ್ಚು. ಪಾತಿಗೆ ಬಿಟ್ಟರೆ ಮಣ್ಣು ಬಿಗಿದು ಹೆಂಟೆ ಕಟ್ಟುತ್ತದೆ. ಅದನ್ನು ದೂರ ಚೆಲ್ಲುತ್ತೇವೆ. ಮೇಲಿನ ಲೆಕ್ಕದಲ್ಲೂ ಅದು ಸೇರಿಲ್ಲ. ಎರಡನೇ, ಮೂರನೇ ಸಲ ಜಾಲಿಸಿದ ನೀರಾದರೆ ಆದೀತು. ಸ್ನಾನದ ನೀರನ್ನು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯಲ್ಲಿ ಹಾಯಿಸಿ ಬುಡಕ್ಕೆ ಮಾತ್ರ ಬಿಡುತ್ತೇವೆ, ಎಲೆ ಮೇಲಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆಗೆ ಅಕ್ಕಿ ತೊಳೆದ ನೀರೊಂದೇ. ರಾತ್ರಿಗೆ ಕೂಡಿಡಬಾರದು, ನಾರುತ್ತದೆ, ಸೊಳ್ಳೆ ಬೇರೆ.

ನೀರು ಹಿಡಿದಿಡಲು ನಮ್ಮ ಸೀಮೆಯಲ್ಲಿ ದುಡ್ಡು ಕೊಡದೆ ಸಿಗುವುದು ತೆಂಗಿನ ಮಟ್ಟೆ. ಪಾತಿಯನ್ನು ಒಂದಡಿ ಅಗೆದು, ಕಾಯಿ ಸುಲಿದ ಮಟ್ಟೆಗಳನ್ನು ಒಳಮೈ ಮೇಲೆ ಬರುವಂತೆ ಒತ್ತೊತ್ತಾಗಿ ಜೋಡಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ಮುಚ್ಚಿದೆವು. ಮಟ್ಟೆ ಮೊದಲ ಕೆಲವು ದಿನ ತಾನೇ ನೀರು ಕುಡಿಯುತ್ತದೆ. ಚೆನ್ನಾಗಿ ನೆನೆಸಿ ಹಾಕುವುದು ಲೇಸು. ಮೇಲೆ ಒಣ ತರಗು. ಪಡುವಣ ದಿಕ್ಕಿಗೆ ಗರಿಯ ತಡಿಕೆ ಕಟ್ಟಿದರೆ ಇಳಿಹೊತ್ತಿನ ಬಿಸಿಲು ಕಾಟ ಕೊಡದು.

ಏನು ಹಾಕಬೇಕು? ನೀರು ತಪ್ಪಿದರೂ ತಡೆದುಕೊಳ್ಳುವುದು ಗೋರಿಕಾಯಿ, ಆಮೇಲೆ ಅಲಸಂದೆ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯಾದರೆ ಕೊಯ್ದಷ್ಟೂ ಚಿಗುರುತ್ತದೆ. ಬೆಂಡೆಗೆ ಬೇಸಿಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜಿನ ಕಾಟ. ಅದಕ್ಕೆ ಅದೇ ಸಂಸ್ಥೆಯ ಅರ್ಕಾ ಅನಾಮಿಕ ತಡೆದುಕೊಳ್ಳುವ ತಳಿ. ಆದರೂ ನರ ಹಳದಿಯಾದ ಗಿಡ ಕಂಡರೆ ಕಿತ್ತು ಸುಡಿ, ಕನಿಕರ ಬೇಡ. ಬಚ್ಚಲು ಬಾಯಿಯ ಬಸಳೆ, ಕೆಸು ಅವ್ವನ ಪಾಲು. ಅಲ್ಲಿಗೆ ಸೊಸೆಯೂ ಕೈ ಹಾಕುವಂತಿಲ್ಲ!

ಹೀರೆ, ಸೋರೆ ಬಳ್ಳಿ ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ಗೊಬ್ಬರ ಸುರಿಯಬೇಡಿ. ಬಿಸಿಲಿಗೆ ಗಂಡು ಹೂವೇ ಹೆಚ್ಚು, ಜೇನು ಕಡಿಮೆ. ಇವೆರಡರ ಹೂ ಅರಳುವುದು ಸಂಜೆ. ಸ್ಕೂಲಿಂದ ಬಂದ ಮಗಳು ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಸವರುತ್ತಾಳೆ. ಹತ್ತು ನಿಮಿಷದ ಕೆಲಸ. ಕುಂಬಳಕ್ಕಾದರೆ ಬೆಳಗಿನ ಜಾವವೇ ಏಳಬೇಕು, ಅದಕ್ಕೆ ಅವಳು ಒಪ್ಪಲಿಲ್ಲ.

ಹೀರೆ, ಹಾಗಲಕ್ಕೆ ಕಾಯಿನೊಣ ಬಂದಾಗ ತುಳಸಿ ಎಲೆ ಅರೆದು ಬಲೆ ಇಡಿ ಅನ್ನುವವರಿದ್ದಾರೆ. ತುಳಸಿ ವಾಸನೆಗೆ ಬರುವುದು ಮಾವಿನ ಹಣ್ಣುನೊಣ. ಬಳ್ಳಿ ಕಾಯಿಯ ನೊಣವೇ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಬಲೆ ಬೇಕು. ನಮ್ಮದು ನಾಲ್ಕೇ ಬಳ್ಳಿ, ಹೀಚಿಗೆ ಕಾಗದದ ಕೊಟ್ಟೆ ಕಟ್ಟಿದರೆ ಸಾಕಾಗುತ್ತದೆ.

ನೀರಿನ ಲೆಕ್ಕ ಮನೆಯ ಲೆಕ್ಕವೇ. ಯುಗಾದಿಗೆ ಅಕ್ಕ-ಭಾವ, ಮಕ್ಕಳು ಬಂದರೆ ದಿನಕ್ಕೆ ಐದಾರು ಬಿಂದಿಗೆ ಹೆಚ್ಚು; ಅದನ್ನು ನಿಂಬೆ, ನುಗ್ಗೆ ಬುಡಕ್ಕೆ ತಿರುಗಿಸುತ್ತೇವೆ, ಹೊಸ ಪಾತಿ ಮಾಡುವುದಿಲ್ಲ. ಮಗ ಹಾಸ್ಟೆಲಿಗೆ ಹೊರಟ ದಿನ ಅವ್ವ ಕಣ್ಣೊರೆಸಿಕೊಳ್ಳುತ್ತಾ, "ಒಂದು ಪಾತಿ ಕಮ್ಮಿ ಮಾಡ್ರಪ್ಪ" ಅಂದಳು. ಒಬ್ಬನ ಸ್ನಾನ ಅಂದರೆ ಎರಡು ಬಿಂದಿಗೆ, ಅವಳ ಲೆಕ್ಕ ತಪ್ಪಲ್ಲ. ಕೊಯ್ಲಾದ ಹರಿವೆ ಪಾತಿಯನ್ನು ಖಾಲಿ ಬಿಟ್ಟೆವು.

ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಎರಡು ಹದ ಮಳೆ ಬಿದ್ದರೆ ಪಾತಿಯಲ್ಲಿ ಕೂತ ಸೋಪಿನ ಉಪ್ಪು ತೊಳೆದುಹೋಗುತ್ತದೆ. ಅಲ್ಲಿಂದಾಚೆ ಬಚ್ಚಲು ನೀರು ಬಾಳೆಗೆ.